ಮೆದುಳಿನ ಸ್ಕ್ಯಾನ್‌ನಲ್ಲಿ ಗಾಂಜಾ ಕಾಣಿಸುತ್ತಾ?

ಪ್ರಶ್ನೆ: ಮಗನಿಗೆ 20 ವರ್ಷ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ವರ್ಷದಿಂದ ಶನಿವಾರ, ಭಾನುವಾರ ಸ್ನೇಹಿತರ ಜೊತೆ ಗಾಂಜಾ ಸೇದುತ್ತಿದ್ದಾನಂತೆ. ಹೋದ ತಿಂಗಳು ಅವನೇ ಹೇಳಿಕೊಂಡ. ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಯಾರೋ ಒಂದು ಫೋಟೋ ಹಾಕಿದ್ದರು. ಎರಡು ಮೆದುಳು ಅಕ್ಕಪಕ್ಕ, ಒಂದು ಚೆನ್ನಾಗಿದೆ, ಇನ್ನೊಂದರ ತುಂಬಾ ತೂತು. ಕೆಳಗೆ ‘ನಶೆ ಮಾಡುವವರ ಮೆದುಳು’ ಅಂತ ಬರೆದಿತ್ತು. ಅದನ್ನು ನೋಡಿದಾಗಿನಿಂದ ನನಗೆ ನಿದ್ದೆ ಇಲ್ಲ. ತಲೆನೋವಿಗೆ ಅಂತ ಹೇಳಿ ಅವನಿಗೆ ಎಂಆರ್‌ಐ ಮಾಡಿಸಲಾ? ಹಾಳಾಗಿದ್ದರೆ ಸರಿಹೋಗುತ್ತಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಮೊದಲು ಆ ಫೋಟೋ ಮನಸ್ಸಿನಿಂದ ತೆಗೆದುಬಿಡಿ. ಗಾಂಜಾ ಸೇದಿದರೆ ಮೆದುಳಿನಲ್ಲಿ ತೂತು ಬೀಳುವುದಿಲ್ಲ.

ಅಂಥ ಚಿತ್ರಗಳು ಸಾಮಾನ್ಯವಾಗಿ ಸ್ಪೆಕ್ಟ್ ಎನ್ನುವ ಸ್ಕ್ಯಾನ್‌ನವು. ಸ್ವಲ್ಪವೇ ಸ್ವಲ್ಪ ವಿಕಿರಣ ಇರುವ ಔಷಧಿಯನ್ನು ರಕ್ತಕ್ಕೆ ಕೊಡುತ್ತಾರೆ, ಅದು ಮೆದುಳಿನ ಯಾವ ಭಾಗಕ್ಕೆ ಎಷ್ಟು ಹೋಯಿತು ಅಂತ ಯಂತ್ರ ಎಣಿಸುತ್ತದೆ. ಯಂತ್ರ ಕೊಡುವುದು ಬರೀ ಅಂಕಿ. ಬಣ್ಣ ಹಾಕುವುದು ಕಂಪ್ಯೂಟರ್, ಯಾವ ಅಂಕಿಗೆ ಯಾವ ಬಣ್ಣ ಅಂತ ತೀರ್ಮಾನ ಮಾಡುವುದು ಅದರ ಮುಂದೆ ಕೂತವರು. ಮಳೆ ನಕ್ಷೆ ನೋಡಿರುತ್ತೀರಿ ಅಲ್ವಾ? 10 ಮಿಲಿಮೀಟರ್‌ಗಿಂತ ಕಡಿಮೆ ಮಳೆಯಾದ ತಾಲ್ಲೂಕಿಗೆಲ್ಲ ಕಪ್ಪು ಬಳಿದರೆ ಅಲ್ಲಿ ಊರೇ ಇಲ್ಲ ಅಂತ ಆಗುತ್ತದೆಯೇ? ಆ ‘ತೂತು’ ಕೂಡ ಹಾಗೆಯೇ. ರಕ್ತದ ಹರಿವು ಒಂದು ಗೆರೆಗಿಂತ ಕೆಳಗಿದೆ, ಅಷ್ಟೇ. ಗೆರೆಯನ್ನು ಸ್ವಲ್ಪ ಮೇಲೆ ಎಳೆದರೆ ನನ್ನ ಮೆದುಳಿನಲ್ಲೂ ತೂತು ತೋರಿಸಬಹುದು.

ಎಂಆರ್‌ಐ ಬೇಡ. ವಾರಕ್ಕೆರಡು ದಿನ ಗಾಂಜಾ ಸೇದುವ 20ರ ಹುಡುಗನ ರಿಪೋರ್ಟ್ ಬಹುತೇಕ ‘ನಾರ್ಮಲ್’ ಅಂತಲೇ ಬರುತ್ತದೆ. ನನಗೆ ಹೆದರಿಕೆ ಇರುವುದೂ ಅಲ್ಲೇ. ಆ ಹಾಳೆ ಕೈಗೆ ಸಿಕ್ಕಿದ ದಿನ ಅವನು ‘ನೋಡಮ್ಮಾ, ನನಗೇನೂ ಆಗಿಲ್ಲ’ ಅನ್ನುತ್ತಾನೆ, ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಎಂಆರ್‌ಐ ತೋರಿಸುವುದು ಗೆಡ್ಡೆ, ರಕ್ತಸ್ರಾವ, ಊತ ಇಂಥವನ್ನು. ಓದಿದ್ದು ತಲೆಗೆ ಹತ್ತುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನುವುದು ಅದರಲ್ಲಿ ಕಾಣಿಸುವುದಿಲ್ಲ.

ಹಾಗಾದರೆ ‘ಗಾಂಜಾದಿಂದ ಮೆದುಳು ಬದಲಾಗುತ್ತದೆ’ ಎನ್ನುವ ಸುದ್ದಿಗಳು ಎಲ್ಲಿಂದ ಬರುತ್ತವೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2014ರಲ್ಲಿ ಅಮೆರಿಕದಲ್ಲಿ ವಾರಕ್ಕೊಮ್ಮೆಯಾದರೂ ಸೇದುವ, ಆದರೆ ಚಟಕ್ಕೆ ಬೀಳದ 20 ಯುವಕ ಯುವತಿಯರನ್ನು ಸೇದದ 20 ಜನರ ಜೊತೆ ಹೋಲಿಸಿ, ಮೆದುಳಿನ ಎರಡು ಸಣ್ಣ ಭಾಗಗಳ ಆಕಾರದಲ್ಲಿ ವ್ಯತ್ಯಾಸ ಇದೆ ಅಂದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷವೇ ಬೇರೆ ತಂಡ ದಿನಾ ಸೇದುವವರನ್ನು ತೆಗೆದುಕೊಂಡು, ಕುಡಿತ ಎರಡೂ ಗುಂಪಿನಲ್ಲಿ ಒಂದೇ ಸಮ ಇರುವಂತೆ ಜೋಡಿಸಿ ಅಳೆಯಿತು. ವ್ಯತ್ಯಾಸ ಸಿಗಲಿಲ್ಲ. ಗಾಂಜಾ ಸೇದುವವರಲ್ಲಿ ಬಿಯರ್, ಸಿಗರೇಟು ಕೂಡ ಜಾಸ್ತಿ ಇರುತ್ತದೆ. ಯಾವುದರ ಕೆಲಸ ಯಾವುದು ಅಂತ ಬಿಡಿಸದೆ ಬರೀ ಗಾಂಜಾದ ಮೇಲೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಗಂಟು ಇದೆ, ಯಾವುದು ಮೊದಲು ಅನ್ನುವುದು. ನಶೆಯಿಂದ ಮೆದುಳು ಬದಲಾಯಿತೋ, ಮೆದುಳು ಮೊದಲೇ ಹಾಗಿದ್ದರಿಂದ ನಶೆಗೆ ಬಿದ್ದರೋ? ನಮ್ಮ ನಿಮ್ಹಾನ್ಸ್‌ನವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕುಡಿತದ ಚಟ ಇರುವ ಮನೆತನದ, ಆದರೆ ತಾವು ಒಂದು ಹನಿಯೂ ಕುಡಿಯದ ಹುಡುಗರ ಮೆದುಳನ್ನು ಎಂಆರ್‌ಐನಲ್ಲಿ ಅಳೆದರು. ಆ ಹುಡುಗರಲ್ಲೇ ಕೆಲವು ಭಾಗಗಳು ಬೇರೆ ಹುಡುಗರಿಗಿಂತ ಸಣ್ಣದಿದ್ದವು! ಇವರೇ ಮುಂದೆ ಕುಡಿಯಲು ಶುರು ಮಾಡಿ, ಆಮೇಲೆ ನಾವು ಮೊದಲ ಸಲ ಸ್ಕ್ಯಾನ್ ಮಾಡಿದ್ದರೆ ‘ನೋಡಿ, ಕುಡಿದು ಮೆದುಳು ಕುಗ್ಗಿದೆ’ ಅಂತ ಬರೆದುಬಿಡುತ್ತಿದ್ದೆವು. ಇದನ್ನು ಬಿಡಿಸಲೆಂದೇ ಅಮೆರಿಕದಲ್ಲಿ 9–10 ವರ್ಷದ ಸುಮಾರು 11,800 ಮಕ್ಕಳನ್ನು ಸೇರಿಸಿಕೊಂಡು, ನಶೆಯ ವಯಸ್ಸು ಬರುವ ಮೊದಲಿನಿಂದಲೇ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಾ ಬರುತ್ತಿದ್ದಾರೆ.

ಮತ್ತೆ, ಈ ಎಲ್ಲ ಅಧ್ಯಯನಗಳು ಹೇಳುವುದು ಗುಂಪಿನ ಸರಾಸರಿಯನ್ನು. ಎ ಸೆಕ್ಷನ್‌ಗಿಂತ ಬಿ ಸೆಕ್ಷನ್ ಮಕ್ಕಳ ಸರಾಸರಿ ಎತ್ತರ ಅರ್ಧ ಇಂಚು ಕಡಿಮೆ ಅಂದುಕೊಳ್ಳಿ. ಒಬ್ಬ ಹುಡುಗನನ್ನು ನಿಲ್ಲಿಸಿ, ಎತ್ತರ ನೋಡಿ ಅವನು ಯಾವ ಸೆಕ್ಷನ್ ಅಂತ ಹೇಳಲು ಆಗುತ್ತದೆಯೇ? ನಿಮ್ಮ ಮಗ ಆ ಒಬ್ಬ ಹುಡುಗ.

ಸರಿಹೋಗುತ್ತಾ ಅಂತ ಕೇಳಿದಿರಿ. ಇಲ್ಲಿ ಒಳ್ಳೆಯ ಸುದ್ದಿ ಇದೆ. ಗಾಂಜಾದ ನಶೆ ಏರುವುದು ಮೆದುಳಿನ ಸಿಬಿ1 ಎನ್ನುವ ಗ್ರಾಹಕಗಳ, ಅಂದರೆ ನರಕೋಶದ ಮೇಲೆ ಗಾಂಜಾದ ಅಂಶ ಹೋಗಿ ಅಂಟಿಕೊಳ್ಳುವ ಜಾಗಗಳ ಮೂಲಕ. ವರ್ಷಗಟ್ಟಲೆ ದಿನಾ ಸೇದುವವರಲ್ಲಿ ಇವು ಕೆಲವು ಭಾಗಗಳಲ್ಲಿ ಸುಮಾರು ಶೇ 20ರಷ್ಟು ಕಡಿಮೆ ಇದ್ದದ್ದು 2012ರಲ್ಲಿ ಬಂದ ಪೆಟ್ ಸ್ಕ್ಯಾನ್ (ಇದೂ ಸ್ಪೆಕ್ಟ್ ತರಹದ್ದೇ) ಅಧ್ಯಯನದಲ್ಲಿ ಕಂಡಿತು. ಅವರಲ್ಲಿ ಕೆಲವರನ್ನು ಸುಮಾರು 4 ವಾರ ನಿಗಾದಲ್ಲಿ ಇಟ್ಟು, ಸೇದಲು ಬಿಡದೆ ಮತ್ತೆ ಸ್ಕ್ಯಾನ್ ಮಾಡಿದಾಗ ಬಹುಪಾಲು ಭಾಗಗಳಲ್ಲಿ ಗ್ರಾಹಕಗಳು ಮತ್ತೆ ಮೊದಲಿನ ಮಟ್ಟಕ್ಕೆ ಬಂದಿದ್ದವು. ಅವರೆಲ್ಲ ದಿನಾ ಸೇದುತ್ತಿದ್ದವರು ಅನ್ನುವುದನ್ನು ನೆನಪಿಡಿ.

ಹಾಗಂತ ಗಾಂಜಾ ಏನೂ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಸುಮ್ಮಸುಮ್ಮನೆ ಎಲ್ಲರ ಮೇಲೂ ಅನುಮಾನ, ರಾತ್ರಿಗಟ್ಟಲೆ ನಿದ್ದೆ ಇಲ್ಲದಿರುವುದು, ಇವು ಕಂಡರೆ ಒಂದು ದಿನವೂ ತಡಮಾಡದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ ಅವನು ಗಾಂಜಾ ಮುಟ್ಟಲೇಬಾರದು, ಅದನ್ನು ಅವನಿಗೆ ಬಿಡಿಸಿ ಹೇಳಿ. ತಲೆನೋವಿನ ಸುಳ್ಳು ಮಾತ್ರ ದಯವಿಟ್ಟು ಬೇಡ. ಅವನಾಗಿಯೇ ನಿಮ್ಮ ಹತ್ತಿರ ಬಂದು ಹೇಳಿಕೊಂಡಿದ್ದಾನೆ. ಆ ನಂಬಿಕೆ ಉಳಿದಿದ್ದರೆ ನಾಳೆ ಬಿಡಬೇಕು ಅನ್ನಿಸಿದಾಗಲೂ ನಿಮ್ಮ ಹತ್ತಿರವೇ ಬರುತ್ತಾನೆ. ಯಾರ ಜೊತೆ ಮಾತಾಡುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಉಪನ್ಯಾಸಕ. ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಎಂಡಿಎಂಎ (ಪಾರ್ಟಿಗಳಲ್ಲಿ ನುಂಗುವ ಎಕ್ಸ್ಟಸಿ ಮಾತ್ರೆ) ತೆಗೆದುಕೊಂಡವರ ಮೆದುಳಿನ ಸ್ಕ್ಯಾನ್ ಚಿತ್ರಗಳ ಪೋಸ್ಟರ್ ಹಾಕೋಣ ಅಂತಿದ್ದೇವೆ. ಸರಿಯೇ?
– ಉಪನ್ಯಾಸಕ, ಹಾಸನ

ಉತ್ತರ: ಬೇಡ ಸರ್. ಈ ಕೆಲಸ ಅಮೆರಿಕದಲ್ಲಿ ಒಮ್ಮೆ ಆಗಿದೆ. 1998ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಎಂಡಿಎಂಎ ಬಹಳ ಸಲ ನುಂಗಿದ್ದ 14 ಜನರನ್ನೂ ಮುಟ್ಟದ 15 ಜನರನ್ನೂ ಪೆಟ್ ಸ್ಕ್ಯಾನ್ ಮಾಡಿ, ನುಂಗಿದವರಲ್ಲಿ ಸೆರೊಟೋನಿನ್ ಎನ್ನುವ ಮೆದುಳಿನ ರಾಸಾಯನಿಕವನ್ನು ಬಳಸುವ ನರಗಳ ಗುರುತು ಕಡಿಮೆ ಅಂದಿತು. ಅದರ ಬಣ್ಣದ ಚಿತ್ರ ಸರ್ಕಾರಿ ಪೋಸ್ಟರ್ ಆಯಿತು. ಒಂದು ಕಡೆ ಹೊಳೆಯುವ ಮೆದುಳು, ಇನ್ನೊಂದು ಕಡೆ ಮಂಕು ಮೆದುಳು. ಆಮೇಲೆ ಬೇರೆ ತಜ್ಞರು ಅಂಕಿಗಳನ್ನು ಕೆದಕಿದರು. ಮಾತ್ರೆ ಮುಟ್ಟದವರಲ್ಲೇ ಒಬ್ಬರಿಂದ ಒಬ್ಬರಿಗೆ ವಿಪರೀತ ವ್ಯತ್ಯಾಸ ಇತ್ತು. ಎರಡೇ ತಲೆ ಪಕ್ಕಪಕ್ಕ ಇಟ್ಟರೆ ಅದು ಎಲ್ಲಿ ಕಾಣಿಸುತ್ತದೆ?

ಅದೇ ತಂಡ 2002ರಲ್ಲಿ, ಒಂದೇ ರಾತ್ರಿಯ ಎಂಡಿಎಂಎ ಸಾಕು, ಕೋತಿಗಳಲ್ಲಿ ಡೋಪಮೈನ್ ಎನ್ನುವ ಇನ್ನೊಂದು ರಾಸಾಯನಿಕವನ್ನು ಬಳಸುವ ನರಗಳು ಹಾಳಾಗುತ್ತವೆ ಅಂತ ಬರೆಯಿತು. 2003ರಲ್ಲಿ ತಾವೇ ಆ ಲೇಖನವನ್ನು ವಾಪಸ್ ಪಡೆದರು. ಬಾಟಲಿಗಳ ಲೇಬಲ್ ತಪ್ಪಾಗಿ, ಕೋತಿಗಳಿಗೆ ಕೊಟ್ಟಿದ್ದು ಮೆಥಾಂಫೆಟಮೈನ್ ಎನ್ನುವ ಬೇರೆಯೇ ಮಾದಕ ವಸ್ತು! ವಿಪರೀತ ಎಂಡಿಎಂಎ ತಗೊಂಡವರಲ್ಲಿ ಸೆರೊಟೋನಿನ್ ಗುರುತು ಕಡಿಮೆ ಇರುವುದು ಆಮೇಲಿನ ಒಳ್ಳೆಯ ಅಧ್ಯಯನಗಳಲ್ಲೂ ಕಂಡಿದೆ, ಬಿಟ್ಟು ಬಹಳ ಕಾಲವಾದವರಲ್ಲಿ ಆ ವ್ಯತ್ಯಾಸ ಕಡಿಮೆ. ಆದರೆ ಪೋಸ್ಟರ್ ನೋಡಿ ಬೆಳೆದ ಹುಡುಗರು ಅಷ್ಟರಲ್ಲಿ ‘ಇವರು ಹೇಳುವುದೆಲ್ಲ ಸುಳ್ಳು’ ಅಂತ ತೀರ್ಮಾನಿಸಿದ್ದರೆ ಅವರನ್ನು ದೂರುವುದು ಹೇಗೆ? ನಿಮ್ಮ ವಿದ್ಯಾರ್ಥಿಗಳೂ ಮೊಬೈಲ್ ತೆಗೆದು ಎರಡು ನಿಮಿಷದಲ್ಲಿ ಈ ಕಥೆ ಓದಿಬಿಡುತ್ತಾರೆ.

ಎಂಡಿಎಂಎ ಬಗ್ಗೆ ಹೇಳಬೇಕಾದ್ದು ಸ್ಕ್ಯಾನ್‌ನಲ್ಲಿ ಇಲ್ಲ. ಕಿಕ್ಕಿರಿದ ಬಿಸಿ ಕೋಣೆಯಲ್ಲಿ ಗಂಟೆಗಟ್ಟಲೆ ಕುಣಿಯುವಾಗ ಮೈ ಬಿಸಿ 40 ಡಿಗ್ರಿ ದಾಟಿ ಒಂದೇ ರಾತ್ರಿಯಲ್ಲಿ ಪ್ರಾಣ ಹೋಗಬಹುದು. ಹೆದರಿಕೊಂಡು ಒಂದೇ ಸಮ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಮೆದುಳು ಊದಿಕೊಳ್ಳುತ್ತದೆ. ಜೊತೆಯಲ್ಲಿರುವವರು ಕುಸಿದರೆ ಪೊಲೀಸರ ಭಯಕ್ಕೆ ಬಿಟ್ಟು ಓಡದೆ 108ಕ್ಕೆ ಫೋನ್ ಮಾಡಿ ಅಂತ ಹೇಳಿಕೊಡಿ.

ಸ್ಕ್ಯಾನ್ ತೋರಿಸಲೇಬೇಕು ಅಂದರೆ ಪಂಕ್ಚರ್ ಸೊಲ್ಯೂಷನ್, ಥಿನ್ನರ್ ಮೂಸುವವರದ್ದು ತೋರಿಸಿ. ಅವುಗಳಲ್ಲಿರುವ ಟಾಲ್ಯೂಯಿನ್, ನರದ ಮೇಲಿನ ಕೊಬ್ಬಿನ ಹೊದಿಕೆಯನ್ನು, ಅಂದರೆ ವೈರಿನ ಮೇಲಿನ ಪ್ಲಾಸ್ಟಿಕ್‌ನಂಥದ್ದನ್ನು, ಹಾಳು ಮಾಡುತ್ತದೆ. ಇದಕ್ಕೆ ಸರಾಸರಿ, ಗುಂಪು ಏನೂ ಬೇಡ. ವರ್ಷಗಟ್ಟಲೆ ಮೂಸಿದ ಒಬ್ಬನ ಎಂಆರ್‌ಐ ಸಾಕು. ಕಪ್ಪಗಿರಬೇಕಾದ ಒಳಭಾಗ ಎರಡೂ ಕಡೆ ಬೆಳ್ಳಗೆ ಹರಡಿಕೊಂಡಿರುತ್ತದೆ. ನಡೆದರೆ ತೂರಾಡುತ್ತಾನೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದರೆ ಕೈ ನಡುಗುತ್ತದೆ. ಹತ್ತಿರದ ಮೆಡಿಕಲ್ ಕಾಲೇಜಿನ ರೇಡಿಯಾಲಜಿ ವಿಭಾಗದಲ್ಲಿ ಕೇಳಿ ನೋಡಿ. ಹೆಸರು ಅಳಿಸಿದ ಇಂಥ ಫಿಲ್ಮ್ ಇದ್ದರೆ, ಅದನ್ನು ಓದಲು ಗೊತ್ತಿರುವ ಡಾಕ್ಟರೊಬ್ಬರನ್ನೂ ಆ ದಿನ ಕಾಲೇಜಿಗೆ ಕರೆಸಿ.