ಒಂದು ಸಬ್‌ಮರೀನ್‌ನ ಭಾಗ ಕಳಚಿ ಇನ್ನೊಂದಕ್ಕೆ ಹಾಕುವುದು ಯಾಕೆ?

ಅಮೆರಿಕದ ವರ್ಜೀನಿಯಾ ವರ್ಗದ ಅಣುಶಕ್ತಿ ಸಬ್‌ಮರೀನ್‌ಗಳಲ್ಲಿ ಹೀಗಾಗಿದೆ. ಇವುಗಳ ರಿಯಾಕ್ಟರ್‌ಗೆ ಒಮ್ಮೆ ತುಂಬಿದ ಇಂಧನ ಸುಮಾರು 33 ವರ್ಷ, ಅಂದರೆ ಹಡಗು ಇರುವಷ್ಟು ಕಾಲ ಸಾಕು. ಬೇರೆ ಕೆಲವು ಭಾಗಗಳೂ ಹಾಗೇ ಬಾಳುತ್ತವೆ ಅಂದುಕೊಂಡಿದ್ದರು. ಅವು ಬೇಗ ಸವೆದವು, ಬಿಡಿಭಾಗಗಳ ದಾಸ್ತಾನು ಸಾಲಲಿಲ್ಲ.

ಹೊಸದು ತರಿಸೋಣ ಅಂದರೆ ಅಂಗಡಿ ಸಾಮಾನಲ್ಲ ಅಲ್ವಾ? ಸಮುದ್ರದ ನೀರು ಒಳಬರುವ ಪೈಪಿನ ವಾಲ್ವನ್ನೇ ನೋಡಿ. ಆಳಕ್ಕಿಳಿದಾಗ ಹೊರಗಿನ ಒತ್ತಡವೆಲ್ಲ ಅದರ ಮೇಲೆ. 1963ರಲ್ಲಿ ಅಮೆರಿಕದ ಥ್ರೆಷರ್ ಎಂಬ ಸಬ್‌ಮರೀನ್ ಮುಳುಗಿ 129 ಜನ ಸತ್ತರು. ಆಮೇಲೆ ಸಬ್‌ಮರೀನ್ ಸುರಕ್ಷತೆಗೆ ಸಬ್‌ಸೇಫ್ ಎಂಬ ನಿಯಮ ಬಂತು. ಇಂಥ ಭಾಗದ ಲೋಹ, ಬೆಸುಗೆ, ಪರೀಕ್ಷೆ ಎಲ್ಲಕ್ಕೂ ದಾಖಲೆ ಬೇಕು. ಮಾಡಿಕೊಡುವ ಕಂಪನಿಗಳೂ ಕಡಿಮೆ.

ಹಾಗಾಗಿ ರಿಪೇರಿಗೆ ನಿಂತ ಹಡಗಿನಿಂದ ಕಳಚುತ್ತಾರೆ. ಒಂದೇ ಭಾಗಕ್ಕೆ ಎರಡೆರಡು ಸಲ ದುಡಿಮೆ!