ಲಗಾಮು ಎಳೆದಷ್ಟೂ ಮುನ್ನುಗ್ಗುವ ಎಳೆಯ ಕುದುರೆ

ನಡಿಗೆಯಲ್ಲಿ ಸರಿಯಾಗಿರುವ ನಿಮ್ಮ ನಾಲ್ಕು ವರ್ಷದ ಕುದುರೆ ಟ್ರಾಟ್‌ಗೆ, ಅಂದರೆ ನಡಿಗೆಗಿಂತ ವೇಗದ ಕುಲುಕು ಓಟಕ್ಕೆ, ಬಂದೊಡನೆ ವೇಗ ಏರಿಸುತ್ತಲೇ ಹೋಗುತ್ತದೆ, ಲಗಾಮಿಗೂ ಬಗ್ಗುವುದಿಲ್ಲ, ಇನ್ನೂ ಬಿರುಸಾದ ಕಡಿವಾಣ ಹಾಕಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ನಾನು ಎಳೆಯ ಕುದುರೆಗಳನ್ನು ಪಳಗಿಸುವವನು. ಇಂಥ ಓಟವನ್ನು ಹೆಚ್ಚಿನವರು ಪೊಗರು ಎಂದುಕೊಳ್ಳುತ್ತಾರೆ. ನಾನು ಕಂಡಂತೆ ಅದು ಬಹುಪಾಲು ಸಮತೋಲನ ಸಿಗದ ಗಾಬರಿ.

ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಅದರ ಮೇಲೆ ಸವಾರನೂ ಕುಳಿತರೆ ಅನುಭವವಿಲ್ಲದ ಪ್ರಾಣಿ ಮುಂದಕ್ಕೆ ವಾಲುತ್ತದೆ, ಬೀಳದಿರಲು ಕಾಲು ಬೇಗ ಬೇಗ ಹಾಕುತ್ತದೆ. ಆಗ ನೀವು ಲಗಾಮನ್ನು ಬಿಡದೆ ಎಳೆದು ಹಿಡಿದರೆ ಅದಕ್ಕೆ ಒರಗಲು ಆಸರೆ ಸಿಕ್ಕಿತು, ಅಷ್ಟೇ. ಎಳೆದಾಟದಲ್ಲಿ ಅದನ್ನು ಗೆಲ್ಲುವಷ್ಟು ತೋಳುಬಲ ಯಾರಿಗೂ ಇಲ್ಲ.

ತರಬೇತಿಗೆ ಮುಂಚೆ ಬಾಯಿ, ಬೆನ್ನು, ಜೀನನ್ನು ಪರೀಕ್ಷೆ ಮಾಡಿಸಿ. ಕುದುರೆಯ ಹಾಲುಹಲ್ಲುಗಳು ಎರಡೂವರೆಯಿಂದ ನಾಲ್ಕೂವರೆ ವರ್ಷದೊಳಗೆ ಬದಲಾಗುತ್ತವೆ, ಆದ್ದರಿಂದ ನಿಮ್ಮದಕ್ಕೆ ಈಗಲೇ ಬಾಯಿನೋವು ಇದ್ದೀತು. ಕೆಲಸ ಕಡಿಮೆ, ಧಾನ್ಯ ಹೆಚ್ಚು, ದಿನವಿಡೀ ಲಾಯದಲ್ಲೇ ವಾಸ ಎಂದಾದರೆ ಮೊದಲು ಅದನ್ನು ಬದಲಿಸಿ.

ಇನ್ನು ಸವಾರಿ. ಸುಮಾರು 20 ಮೀಟರ್ ಅಗಲದ ವೃತ್ತದಲ್ಲಿ ಟ್ರಾಟ್ ಶುರುಮಾಡಿ, ವೇಗ ಏರುವ ಮೊದಲೇ, ಅಂದರೆ ಆರೆಂಟು ಹೆಜ್ಜೆಗೇ, ನಡಿಗೆಗೆ ಇಳಿಸಿ. ಬೆನ್ನು ನೆಟ್ಟಗಿಟ್ಟು ಉಸಿರು ಬಿಡಿ, ಲಗಾಮನ್ನು ಒಮ್ಮೆ ಹಿಡಿದು, ಅದು ಚೂರು ನಿಧಾನಿಸಿದ ಕೂಡಲೇ ಸಡಿಲಿಸಿ. ಕುದುರೆ ಕಲಿಯುವುದು ಆ ಸಡಿಲಿಕೆಯಿಂದ. ಅದು ತಡವಾದರೆ ಪಾಠವೇ ತಲುಪುವುದಿಲ್ಲ. ಮತ್ತೆ ಟ್ರಾಟ್, ಮತ್ತೆ ನಡಿಗೆ, ನಡುವೆ ದಿಕ್ಕು ಬದಲು. ಸ್ವಲ್ಪ ಹೊತ್ತಿನಲ್ಲಿ ಅದು ‘ಈಗ ನಿಲ್ಲಿಸಬಹುದು’ ಎಂದು ಕಾಯತೊಡಗುತ್ತದೆ. ವೃತ್ತವನ್ನು ತೀರಾ ಚಿಕ್ಕದು ಮಾಡಬೇಡಿ, ಬೆಳೆಯುವ ಕೀಲುಗಳಿಗೆ ಅದು ಶ್ರಮ.

ಟ್ರಾಟ್‌ನಲ್ಲಿ ನೀವು ಹೆಜ್ಜೆಗೆ ತಕ್ಕಂತೆ ಜೀನಿನಿಂದ ಎದ್ದು ಕೂರುವ ಲಯವನ್ನು ಕುದುರೆಗಿಂತ ತುಸು ನಿಧಾನವಾಗಿಸಿ. ಬಹಳಷ್ಟು ಕುದುರೆಗಳು ಸವಾರನ ಲಯಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಹೆದರಿ ಮುಂದಕ್ಕೆ ಬಾಗಿ ಮಂಡಿ ಬಿಗಿದರೆ ಅದಕ್ಕೆ ತಿಳಿಯುವುದು ‘ಓಡು’ ಎಂದೇ. ಹಾಗೆಂದು ಕಾಲನ್ನು ದೂರ ಚಾಚಿ ಕೂರುವುದೂ ತಪ್ಪು: ಮುಂದೆ ಯಾವಾಗಲೋ ಕಾಲು ತಾಗಿದಾಗ ಬೆಚ್ಚಿಬೀಳುತ್ತದೆ. ಕಾಲುಗಳು ಮೆತ್ತಗೆ ಪಕ್ಕೆಗೆ ತಾಗಿಕೊಂಡೇ ಇರಲಿ.

ಉದ್ದ ಹಗ್ಗದಲ್ಲಿ ಸುತ್ತಿಸಿ ಸುಸ್ತು ಮಾಡಿ ಹತ್ತಿ ಎಂಬ ಸಲಹೆಯೂ ಬರುತ್ತದೆ. ಅದರಿಂದ ಕುದುರೆಯ ದಮ್ಮು ಬೆಳೆಯುತ್ತದೆ, ತಿಂಗಳಾದ ಮೇಲೆ ಅದನ್ನು ಸುಸ್ತಾಗಿಸಲು ಇನ್ನೂ ಹೆಚ್ಚು ಹೊತ್ತು ಬೇಕು.

ನಿಧಾನವಾದದ್ದೆಲ್ಲ ನಿರಾಳವಲ್ಲ ಎಂಬುದೂ ಗಮನದಲ್ಲಿರಲಿ. ಬಾಲ ಒತ್ತಿಕೊಂಡು, ಬೆನ್ನು ಸೆಟೆಸಿ ಪುಟ್ಟ ಹೆಜ್ಜೆ ಇಡುತ್ತಿದ್ದರೆ ಒಳಗೆ ಒತ್ತಡವಿದೆ. ಕತ್ತು ಕೆಳಗಿಳಿದು, ಬಾಲ ತೂಗಾಡಿ, ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟರೆ ಲಗಾಮು ಉದ್ದ ಬಿಟ್ಟು ನಡೆಸಿ, ಅಂದಿನ ಪಾಠ ಅಲ್ಲಿಗೇ ಮುಗಿಸಿ, ಹತ್ತು ನಿಮಿಷವಷ್ಟೇ ಆಗಿದ್ದರೂ.

ಕುದುರೆ ನಿಜಕ್ಕೂ ಕೈತಪ್ಪಿ ಓಡುತ್ತಿದ್ದರೆ ಮಾತ್ರ ಒಬ್ಬರೇ ಪ್ರಯೋಗ ಮಾಡಬೇಡಿ. ಅನುಭವಿ ತರಬೇತುದಾರರನ್ನು ಮೈದಾನಕ್ಕೆ ಕರೆಸಿ, ಅಲ್ಲಿಯವರೆಗೆ ನೆಲದ ಮೇಲೆ ನಿಂತೇ ಕೆಲಸ ಮಾಡಿಸಿ.