ಪ್ರತಿಕ್ರಿಯೆ: ಚರ್ಚಿನ ಚಾವಣಿಯಲ್ಲಿ ಹಡಗು ಯಾಕೆ?

ಡೆನ್ಮಾರ್ಕಿನ ಚರ್ಚಲ್ಲಿ ಚಾವಣಿಯಿಂದ ಪುಟ್ಟ ಹಡಗು ನೇತಾಡುತ್ತಿತ್ತು, ಬರೀ ಅಲಂಕಾರಾನಾ ಅಂತ ಕೇಳಿದ್ದೀರಿ. ಕಾಣಿಕೆ ಅದು. ಬಿರುಗಾಳಿಯಲ್ಲಿ ಬದುಕಿ ಬಂದರೆ ಕೊಡುತ್ತೇನೆ ಅಂತ ಹೊತ್ತ ಹರಕೆಯವು ಕೆಲವು ಇವೆ, ಆದರೆ ನಾವಿಕರು ಊರ ಚರ್ಚಿಗೆ ಸುಮ್ನೆ ಪ್ರೀತಿಯಿಂದ ಕೊಟ್ಟವೂ ಬೇಕಾದಷ್ಟಿವೆ, ಎಷ್ಟೋ ಸಲ ತಾವೇ ಕೈಯಾರೆ ಮಾಡಿ. ಹಡಗಿನ ಮೂತಿ ಸಾಮಾನ್ಯವಾಗಿ ಆಲ್ಟರ್ ಕಡೆಗೆ, ಅಂದರೆ ಚರ್ಚಿನ ಪೂಜಾಪೀಠದ ಕಡೆಗೆ ಇರುತ್ತದೆ. ಫಿರಂಗಿ, ಹಗ್ಗ ಎಲ್ಲ ಅಳತೆ ಮೀರಿ ದಪ್ಪ ಇತ್ತು ಅಂದಿರಲ್ಲ, ಕೆಳಗೆ ಬೆಂಚಿನಲ್ಲಿ ಕೂತು ಕತ್ತೆತ್ತಿ ನೋಡುವವರಿಗೆ ಕಾಣಬೇಕಲ್ವಾ, ಅದಕ್ಕೇ.

ತುಂಬಾ ಹಳೇದು ನೋಡಬೇಕಾದರೆ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನ ಕಡಲ ಮ್ಯೂಸಿಯಮ್ಮಿಗೆ ಹೋಗಿ. ಸ್ಪೇನಿನ ಮಟಾರೋ ಊರಿನ ಹರಕೆ ಹಡಗು ಅಲ್ಲಿದೆ, 15ನೇ ಶತಮಾನದ್ದು. ಹಲಗೆಗಳನ್ನು ನಿಜವಾದ ಹಡಗಿನ ಹಾಗೇ ಜೋಡಿಸಿದ್ದಾರೆ. ಆ ಕಾಲದ ಹಡಗು ಕಟ್ಟುವ ರೀತಿ ತಿಳಿಯಲು ತಜ್ಞರು ಇದನ್ನೇ ಕೂಲಂಕಷವಾಗಿ ನೋಡಿದ್ದಾರೆ.